ಗಡಿಗೆ ಹೋದ ಕಂಬಳಿ

"ಈ ಬಿಳಿ ಹೊಲಿಗಿ ನಾ ಎಲ್ಲೋ ನೋಡೀನಲ್ಲ," ಎನ್ನುತ್ತ ಪಂಪಮ್ಮ ಕಂಬಳಿಯ ಮೂಲೆಯನ್ನು ಬಿಸಿಲಿಗೆ ಹಿಡಿದಳು.

ಗುಡಿಯ ಕಂಬಕ್ಕೆ ಒರಗಿ ಕೂತಿದ್ದ ಭರಮಮ್ಮ ಸೆರಗು ಸರಿಮಾಡಿಕೊಳ್ಳುವ ನೆವದಲ್ಲಿ ಮುಖ ಆಚೆ ತಿರುಗಿಸಿದಳು. ಉಳಿದವರು ಪಂಪಮ್ಮನ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಅವತ್ತು ಅಷ್ಟು ಗದ್ದಲ. ನಡುವೆ ಕರಿ ಕಂಬಳಿಗಳ ಗುಡ್ಡೆ, ಸುತ್ತ ಸಿದ್ದನಗುಡ್ಡದ ಅರ್ಧ ಊರು, ಬೇವಿನ ಮರದ ಕೆಳಗೆ ಕೊಟ್ಟೂರಿನಿಂದ ಬಂದ ಟೆಂಪೊ. ಟೆಂಪೊ ತಂದವನು ಜವಳಿ ವ್ಯಾಪಾರಿ ಏಕಾಂತಪ್ಪ. ಹಣೆಯ ತುಂಬ ವಿಭೂತಿ ಬಳಿದುಕೊಂಡು, ಬೆವರು ಒರೆಸಿಕೊಳ್ಳುತ್ತ, ಸಿಕ್ಕವರಿಗೆಲ್ಲ ಕೈ ಮುಗಿಯುತ್ತ ಓಡಾಡುತ್ತಿದ್ದ. ಕಾರ್ಗಿಲ್ ಕಡೆ ಗುಂಡಿನ ಕಾಳಗ ಹತ್ತಿ, ಗಡಿಯ ಹಳ್ಳಿಗಳ ಸಂಸಾರಗಳು ಮನೆಮಠ ಬಿಟ್ಟು ಗುಡಾರ ಸೇರಿದ್ದವಂತೆ. ಅವರಿಗೆ ಹೊದಿಕೆ ಕಳಿಸಬೇಕೆಂದು ಕೊಟ್ಟೂರಿನ ವರ್ತಕರು ನಿಶ್ಚಯಿಸಿದ್ದರು. ಊರೂರು ತಿರುಗಿ ಬಟ್ಟೆಬರೆ ಕೂಡಿಸಿದ ಏಕಾಂತಪ್ಪನಿಗೆ, ಚಳಿಗೆ ಬಟ್ಟೆ ಎಲ್ಲಿಗೆ ಸಾಕು, ಕುರುಬರ ಹಟ್ಟಿಗಳಿಗೆ ಹೋಗಿ ಕಂಬಳಿ ಕೇಳು ಎಂದು ಯಾರೋ ಬುದ್ಧಿ ಹೇಳಿದ್ದರು.

"ಕೊಡ್ತಾರೋ ಇಲ್ಲೋ ಅಂತ ಅನುಮಾನ ಇತ್ರಿ ನನಗ," ಎಂದು ಅವನು ಪೂಜಾರಿ ದುರುಗಜ್ಜನ ಮುಂದೆ ಬಾಯಿಬಿಟ್ಟೇ ಹೇಳಿದ. "ಮನಿಗೊಂದು ಬಂದೈತಿ ನೋಡ್ರಿ!"

"ಹಣ ಕೇಳಿದ್ರ ನಾವ್ ಯಾರೂ ಮನ್ಯಾಗ ಇರ್ತಿರಲಿಲ್ಲ ಸಾವ್ಕಾರ್ರ," ಎಂದ ದುರುಗಜ್ಜ. "ಕಂಬಳಿ ಕೇಳಿದ್ರಿ. ಹೊದಿಯಾಕ ಇಲ್ಲ ಅಂದೋರಿಗೆ ಕಂಬಳಿ ಇಲ್ಲ ಅನ್ನಾಕ ಬರಂಗಿಲ್ಲ ನಮಗ." ಎಲ್ಲರೂ ನಕ್ಕರು. ಭರಮಮ್ಮನೂ ನಗಬೇಕೆಂದು ತುಟಿ ಅಗಲಿಸಿದಳು. ಆಗಲಿಲ್ಲ.

ಯಾಕೆಂದರೆ ಪಂಪಮ್ಮ ಇನ್ನೂ ಆ ಮೂಲೆಯನ್ನು ಕೈಬಿಟ್ಟಿರಲಿಲ್ಲ. ಕರಿ ಉಣ್ಣೆಯ ನಡುವೆ ಹೆಬ್ಬೆರಳ ಉಗುರಿನಷ್ಟಗಲ, ಕುರಿಮರಿಯ ಬಿಳಿ ಉಣ್ಣೆಯಿಂದ ಹೆಣೆದು ತೂತು ಮುಚ್ಚಿದ ಗುರುತು. ಅದನ್ನು ಬಿಚ್ಚಿ ಕರಿ ನೂಲಿನಲ್ಲಿ ಹೊಲಿಯಬೇಕೆಂದು ಭರಮಮ್ಮ ನಿನ್ನೆ ಸೂಜಿ ಹಿಡಿದು ಕೂತಿದ್ದಳು. ಆದರೆ ಅದು ಸೊಸೆ ರೇಣುಕಾಳ ಕೈಕೆಲಸ. ಮದುವೆಯಾಗಿ ಬಂದ ಹೊಸದರಲ್ಲಿ, ಗಂಡನ ಕಂಬಳಿಗೆ ಬೀಡಿಯ ಕಿಡಿ ಬಿದ್ದು ತೂತಾಯಿತೆಂದು ಜಗಲಿಯ ಮೇಲೆ ಕೂತು, ನಾಲಿಗೆ ಹೊರಗೆ ಚಾಚಿಕೊಂಡು, ಹುಡುಗಿ ಅದನ್ನು ಹೆಣೆದಿದ್ದಳು. ಬಿಚ್ಚಲು ಭರಮಮ್ಮನಿಗೆ ಕೈ ಬರಲಿಲ್ಲ. ಕರಿ ಕಂಬಳಿಗಳ ಗುಡ್ಡೆಯಲ್ಲಿ ಇದನ್ನು ಯಾರು ನೋಡುತ್ತಾರೆ ಎಂದುಕೊಂಡು ಹಾಗೇ ಮಡಚಿ ತಂದಿದ್ದಳು. ಥೂ ನನ್ನ ಬುದ್ಧಿಗೆ, ಎಂದು ಈಗ ತನ್ನನ್ನೇ ಬೈದುಕೊಂಡಳು.

ಅದು ಆಕೆಯ ಮಗ ಚೌಡಣ್ಣನ ಕಂಬಳಿ. ಊರಿನ ಲೆಕ್ಕದಲ್ಲಿ ಆ ಕಂಬಳಿ ಮಣ್ಣು ಸೇರಿ ಎರಡು ವರ್ಷ.

ಹಿಂಗಾರಿನ ಕಾಲಕ್ಕೆ ಇಲ್ಲಿ ಮೇವು ಮುಗಿಯುತ್ತಲೇ ಊರ ಗಂಡಸರು ಕುರಿ ಹೊಡೆದುಕೊಂಡು ಸಿರುಗುಪ್ಪದ ಕಡೆಯ ಭತ್ತದ ಗದ್ದೆಗಳಿಗೆ ಹೋಗುವುದು ಹಿಂದಿನಿಂದ ಬಂದ ಪದ್ಧತಿ. ಎರಡು ವರ್ಷದ ಕೆಳಗೆ ಹಾಗೆ ಹೋದ ಚೌಡಣ್ಣ, ಹಿಂಡನ್ನು ರಸ್ತೆ ದಾಟಿಸುವಾಗ ಮರಿಯೊಂದು ಹಿಂದೆ ಉಳಿಯಿತೆಂದು ತಿರುಗಿ ಓಡಿದ್ದೇ ನೆವ, ಲಾರಿ ಬಂದು ಬಡಿಯಿತು. ಸುದ್ದಿ ಊರಿಗೆ ಮುಟ್ಟುವಷ್ಟರಲ್ಲಿ ಸಂಗಡಿಗರು ಅಲ್ಲಿಯೇ ಕಾಲುವೆಯ ದಂಡೆಯ ಮೇಲೆ ಮಣ್ಣು ಮಾಡಿಯಾಗಿತ್ತು. ಹೆತ್ತವಳು ಮಗನ ಮುಖ ನೋಡಲಿಲ್ಲ. ಊರಿಗೆ ಬಂದದ್ದು ಅವನ ಕೋಲು ಮತ್ತು ಕಂಬಳಿ.

ಕುರಿಯ ಬೆನ್ನು ಹತ್ತಿ ಹೋಗಿ ಹೊರಗೆ ಸತ್ತವನ ಕಂಬಳಿಯನ್ನು ತಂದು ಊರ ಮಣ್ಣಿನಲ್ಲಿ ಇಡುವುದು ಆ ಹಟ್ಟಿಯವರ ರೂಢಿ. ಕಂಬಳಿ ಮಣ್ಣು ಸೇರಿದರೆ ಅವನೇ ಊರಿಗೆ ಬಂದು ಮಲಗಿದಂತೆ. ಗುಂಡಿಗೆ ಇಳಿಸುವ ಮೊದಲು ಹೆತ್ತ ತಾಯಿ ಕಂಬಳಿಯ ಮೇಲೆ ಬೀರಪ್ಪನ ಭಂಡಾರ, ಅಂದರೆ ಗುಡಿಯ ಅರಿಶಿನ ಹಾಕಿ, ಹೆಸರು ಹಿಡಿದು ಕರೆದು, "ನಿನ್ನ ಋಣ ಹರೀತು, ಹೋಗಪ್ಪ" ಎನ್ನಬೇಕು. ಅಂದ ಮೇಲೆ ಹಿಂತಿರುಗಿ ನೋಡದೆ ಮನೆಗೆ ನಡೆಯಬೇಕು. ಆ ಮಾತು ಆಗುವ ತನಕ ಸತ್ತವನು ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಅವನ ಹೆಂಡತಿಗೆ ಬೇರೊಂದು ಮನೆಯ ಸೀರೆ ಉಡಿಸಿ, ಉಡಿಕಿ ಎಂಬ ಮರುಮದುವೆ ಮಾಡಿ ಕಳಿಸಲಿಕ್ಕೂ ಬರುವುದಿಲ್ಲ.

ಭರಮಮ್ಮ ಅವತ್ತು ಮೋಸ ಮಾಡಿದಳು. ಯಾರಿಗೂ ಹೇಳಲಿಲ್ಲ, ರೇಣುಕಾಳಿಗೂ ಹೇಳಲಿಲ್ಲ. ಬಹಳ ಹಿಂದೆಯೇ ತೀರಿಕೊಂಡಿದ್ದ ತನ್ನ ಗಂಡನ ಹಳೆಯ ಕಂಬಳಿಯೊಂದು ಅಟ್ಟದ ಮೇಲಿತ್ತು, ಅವನು ಮನೆಯಲ್ಲೇ ಸತ್ತವನಾದ್ದರಿಂದ ಅದು ಹಾಗೇ ಉಳಿದಿತ್ತು. ಅದನ್ನೇ ಗಂಟು ಕಟ್ಟಿ ಗುಂಡಿಗೆ ಒಯ್ದಳು. ಆಡಬೇಕಾದ ಮಾತನ್ನು ತುಟಿಯಲ್ಲೇ ಮಣಮಣ ಅಂದಳು, ದನಿ ಹೊರಡಲಿಲ್ಲ. ಮಗ ಕಳಕೊಂಡ ತಾಯಿಗೆ ಗಂಟಲು ಎಲ್ಲಿಂದ ಬರಬೇಕು ಎಂದು ಜನ ಮರುಗಿದರು. ಮಗನ ಕಂಬಳಿ ಮಾತ್ರ ಮನೆಯ ಜೋಳದ ಗುಡಾಣದ ಹಿಂದೆ ಉಳಿಯಿತು. ಅದರಲ್ಲಿ ಅವನ ಬೆವರಿನ ವಾಸನೆ ಇತ್ತು, ಕುರಿಯ ಹಾಲಿನ ವಾಸನೆ ಇತ್ತು. ಯಾರೋ ಬಂದು ಸತ್ತ ಅಂದರು, ಇವಳು ನೋಡಲಿಲ್ಲ. ನೋಡದ ಸಾವಿಗೆ ಇದ್ದ ಕಂಬಳಿಯನ್ನು ಹೇಗೆ ಮಣ್ಣಿಗೆ ಹಾಕುವುದು ಹೇಳಿ?

ಹಾಗೆಂದು ಸೊಸೆಯ ಬಾಳು ಹಾಳಾಗಲಿ ಎಂದೇನೂ ಆಕೆ ಬಯಸಲಿಲ್ಲ. ರೇಣುಕಾ ಹೆತ್ತವ್ವನಿಲ್ಲದ ಹುಡುಗಿ. ವರ್ಷ ತುಂಬುವ ಮೊದಲೇ ಭರಮಮ್ಮ ತಾನೇ ಮುಂದಾಗಿ, ಓಣಿಯ ಮಾರೆಮ್ಮನ ಅಕ್ಕನ ಮಗನಿಗೆ, ನೀಲಗುಂದಕ್ಕೆ, ಉಡಿಕಿ ಮಾಡಿ ಕಳಿಸಿದಳು. ಕಳಿಸುವಾಗ "ನಾನ ನಿನ್ನ ತೌರುಮನಿ, ತಿಳೀತೇನ? ಬಾಣಂತನಕ್ಕ ಇಲ್ಲಿಗೇ ಬರಬೇಕು," ಎಂದು ಕೈಮೇಲೆ ಕೈ ಇಡಿಸಿಕೊಂಡಿದ್ದಳು. ಈಗ ರೇಣುಕಾ ತುಂಬಿದ ಬಸುರಿ. ಶ್ರಾವಣ ಹುಟ್ಟಿದ ಮೇಲೆ ಬರುತ್ತೇನೆಂದು ಹೋದ ವಾರವಷ್ಟೇ ಹೇಳಿ ಕಳಿಸಿದ್ದಳು.

ಆ ಗುಟ್ಟು ಗುಡಾಣದ ಹಿಂದೆಯೇ ಇದ್ದು ಹೋಗುತ್ತಿತ್ತೋ ಏನೋ. ಹೊಸಹಳ್ಳಿ ಸಂತೆಗೆ ನೂಲು ಮಾರಲು ಹೋದ ದಿನ ಹಾಲಸ್ವಾಮಿಯ ಹೋಟೆಲಿನಲ್ಲಿ ಚಾ ಕುಡಿಯುತ್ತ ಕೂತಾಗ ಟಿವಿಯಲ್ಲಿ ಯುದ್ಧ ತೋರಿಸುತ್ತಿದ್ದರು. ಗಿಡಮರ ಒಂದೂ ಇಲ್ಲದ ಬೋಳು ಗುಡ್ಡಗಳು. ಮಿಲಿಟರಿ ಲಾರಿಗಳು ಮೇಲೆ ಹತ್ತುತ್ತಿದ್ದವು, ಜನ ಕೆಳಗೆ ಇಳಿಯುತ್ತಿದ್ದರು. ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೂಸು. ಒಬ್ಬನ ಹೆಗಲ ಮೇಲೆ ಕುರಿಮರಿ. ಎಲ್ಲರ ಹಿಂದೆ ಒಬ್ಬ ಮುದುಕಿ, ಕೈಯಲ್ಲಿ ಕೋಲು ಹಿಡಿದು ಐದಾರು ಕುರಿಗಳನ್ನು ಹಿಡಿ ಶಾಪ ಹಾಕುತ್ತ ನಡೆಸಿಕೊಂಡು ಬರುತ್ತಿದ್ದಳು. ಮಾತು ಕೇಳಿಸದಿದ್ದರೂ ಅದು ಶಾಪವೇ ಎಂದು ಭರಮಮ್ಮನಿಗೆ ಗೊತ್ತಾಯಿತು. ನಡೆಯದ ಕುರಿಗೆ ಎಲ್ಲಿಯವರಾದರೂ ಬೈಯುವುದು ಒಂದೇ ತರ.

"ಅಯ್ಯ, ಇವರೂ ನಮ್ಮಂಗ ಕುರಿಯೋರು!" ಎಂದಳು.

"ಅವರು ಸಾಬರಬೇ," ಎಂದ ಹಾಲಸ್ವಾಮಿ ಲೋಟ ತೊಳೆಯುತ್ತ.

"ಆಗ್ಲಿ ಬಿಡು. ಸಾಬರಿಗೆ ಚಳಿ ಆಗಂಗಿಲ್ಲೇನು?"

ಆ ಮುದುಕಿ ಮೈಮೇಲೆ ಏನೂ ಹೊದ್ದಿರಲಿಲ್ಲ. ಭರಮಮ್ಮ ಚಾ ಅರ್ಧಕ್ಕೇ ಬಿಟ್ಟು ಎದ್ದಳು. ಮನೆಗೆ ಬಂದು ಗುಡಾಣದ ಹಿಂದಿನ ಕಂಬಳಿ ತೆಗೆದು ಕೊಡವಿದಳು. ಒಂದು ಅಂಚಿಗೆ ನುಸಿ ಹತ್ತಿತ್ತು. ಹೊದೆಯುವ ಮೈ ಇಲ್ಲದ ಉಣ್ಣೆಗೆ ಹುಳ ಬೀಳದೆ ಏನಾದೀತು! ವಾಸನೆಯೂ ಹೋಗಿತ್ತು. ಮೂಗಿಗೆ ಎಷ್ಟು ಒತ್ತಿ ಹಿಡಿದರೂ ಬರೀ ಧೂಳು. ಅವತ್ತು ಆಕೆ ಕಂಬಳಿ ಮಡಿಲಲ್ಲಿ ಇಟ್ಟುಕೊಂಡು ಬಹಳ ಹೊತ್ತು ಕೂತಳು. ಆಮೇಲೊಂದು ದಿನ ಕಟ್ಟೆಯ ಮೇಲೆ ದುರುಗಜ್ಜ ಮನೆಗೊಂದು ಕಂಬಳಿ ಎಂದು ಸಾರಿದಾಗ ಆಕೆಗೆ ಬೇರೆ ಯೋಚನೆ ಬರಲೇ ಇಲ್ಲ. ಇಲ್ಲಿ ಹುಳ ತಿನ್ನುವುದಕ್ಕಿಂತ ಅಲ್ಲಿ ಒಂದು ಜೀವ ಬೆಚ್ಚಗಿರಲಿ. ಯಾರದೋ ಮಗ ಹೊದ್ದುಕೊಂಡು ಕುರಿ ಕಾಯಲಿ.

"ಭರಮಕ್ಕ, ಇದು ನಿಮ್ಮ ಮನಿದಲ್ಲೇನ?"

ಪಂಪಮ್ಮ ಈಗ ಕಂಬಳಿಯನ್ನು ಎತ್ತಿಕೊಂಡು ನೇರ ಎದುರಿಗೇ ಬಂದು ನಿಂತಿದ್ದಳು.

"ಹೌದು, ನಮ್ದ. ಮನಿಗೊಂದು ಅಂದ್ರು, ತಂದೀನಿ. ನೀನೂ ತಂದೀದಿ. ಅದರಾಗೇನು ಕೇಳ್ತಿ?"

"ಕೇಳೋದೈತಿ ಯಕ್ಕ. ಈ ಬಿಳಿ ಹೊಲಿಗಿ ರೇಣುಕಾ ಹಾಕಿದ್ದು. ನಿಮ್ಮ ಜಗಲಿ ಮ್ಯಾಲ ಕುಂತು ಹಾಕುವಾಗ ನಾನ ನೋಡೀನಿ. ಇದು ಚೌಡಣ್ಣನ ಕಂಬಳಿ."

ಈಗ ಕಟ್ಟೆಯ ಗದ್ದಲ ನಿಂತಿತು. ಟೆಂಪೊದ ಡ್ರೈವರು ಮಾತ್ರ ಏನೂ ತಿಳಿಯದೆ ಸಿಳ್ಳೆ ಹಾಕುತ್ತ ಹಗ್ಗ ಬಿಚ್ಚುತ್ತಿದ್ದ.

"ಹುಚ್ಚಿ ಅದೀ ನೀನು," ಎಂದಳು ಭರಮಮ್ಮ. "ಚೌಡನ ಕಂಬಳಿ ಊರೆಲ್ಲ ನಿಂತು ಮಣ್ಣಿಗಿ ಹಾಕೇತಿ. ಇದು ನನ್ನ ಗಂಡಂದು. ರೇಣುಕಾ ಹೊಲದದ್ದು ಒಂದ ಕಂಬಳಿ ಏನು? ನಮ್ಮ ಮನ್ಯಾಗಿನ ಹರಕೆಲ್ಲಾ ಅಕೀನ ಹೊಲದಾಳ."

"ನಿನ್ನ ಗಂಡನ ಕಂಬಳಿ ಇಷ್ಟು ಗಟ್ಟಿ ಐತೇನು? ಅದು ಜಾಳುಜಾಳಾಗಿದ್ದು ನನಗ ಗೊತ್ತಿಲ್ಲೇನು?" ಪಂಪಮ್ಮನ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಆಕೆ ಕೆಟ್ಟ ಹೆಂಗಸಲ್ಲ. ಹೋದ ವರ್ಷ ಕುರಿಗಳಿಗೆ ನೀಲಿನಾಲಿಗೆ ಬೇನೆ ಬಂದು ಆಕೆಯ ರೊಪ್ಪ ಬರಿದಾಗಿತ್ತು. ಕಟ್ಟಿಕೊಂಡ ಕುರಿ ಒಂದೊಂದಾಗಿ ಕಾಲು ಝಾಡಿಸಿ ಸಾಯುವುದನ್ನು ಕೂತು ನೋಡಿದವಳು. "ನನ್ನ ಕುರಿ ಸತ್ತಾಗ ದೇವರನ್ನ ಕೇಳಿದ್ವಲ್ಲ ಅಜ್ಜ, ದೇವರು ಏನಂತು? ಊರಾಗ ಒಂದು ಋಣ ಹರೀದಂಗ ಉಳದೈತಿ ಅಂತಲ್ಲ? ಯಾರದು ಅಂತ ನಾ ಎಷ್ಟು ತಲಿ ಕೆಡಿಸ್ಕೊಂಡೆ. ಈಗ ಇದು ಚೌಡಣ್ಣನ ಕಂಬಳಿ ಅಂದ್ರ, ಗುಂಡ್ಯಾಗ ಹಾಕಿದ್ದು ಏನು?"

ಆಗ ಮಾರೆಮ್ಮ, ರೇಣುಕಾಳನ್ನು ತನ್ನ ಅಕ್ಕನ ಮಗನಿಗೆ ತಂದುಕೊಂಡ ಮಾರೆಮ್ಮ, ಮೆಲ್ಲಗೆ ಎದ್ದು ನಿಂತಳು.

"ಅಂಗಾದ್ರ ನಮ್ಮ ರೇಣುಕಾನ ಉಡಿಕಿ?"

ಅಷ್ಟೇ ಕೇಳಿದ್ದು. ಉಳಿದದ್ದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಮೊದಲ ಗಂಡನ ಋಣ ಹರಿಯದೆ ಆದ ಉಡಿಕಿ ಉಡಿಕಿಯೇ ಅಲ್ಲ. ನಾಳೆ ನೀಲಗುಂದಕ್ಕೆ ಸುದ್ದಿ ಮುಟ್ಟುತ್ತದೆ. ಇಟ್ಟುಕೊಂಡವಳು ಎಂಬ ಹೆಸರು ಬರುತ್ತದೆ. ಹೊಟ್ಟೆಯೊಳಗಿನ ಕೂಸಿಗೆ ಹುಟ್ಟುವ ಮೊದಲೇ ಮಾತು ಅಂಟುತ್ತದೆ. ಹಾಗೆ ಮನೆಯಿಂದ ಹೊರಗೆ ಹಾಕಿಸಿಕೊಂಡವರನ್ನು ಭರಮಮ್ಮ ನೋಡಿದ್ದಳು. ರೇಣುಕಾ ಆ ಹೊಟ್ಟೆ ಹೊತ್ತುಕೊಂಡು ಬೀದಿಯಲ್ಲಿ ನಿಲ್ಲುವುದು ಕಣ್ಣಿಗೆ ಕಟ್ಟಿ ಆಕೆ ಕಂಬ ಹಿಡಿದುಕೊಂಡಳು. ಮಗನನ್ನಂತೂ ಉಳಿಸಿಕೊಳ್ಳಲಿಲ್ಲ. ಕಟ್ಟಿಕೊಟ್ಟ ಮಗಳಂಥವಳ ಬಾಳನ್ನೂ ನನ್ನ ಕೈಯಾರೆ ಮುರಿದೆನಲ್ಲ ಶಿವನೇ, ಎಂದುಕೊಂಡಳು.

ಏಕಾಂತಪ್ಪನಿಗೆ ಇದರ ತಲೆಬುಡ ಗೊತ್ತಾಗಲಿಲ್ಲ. "ಅಮ್ಮಾ, ಒಂದು ಕಂಬಳಿ ಹೆಚ್ಚುಕಮ್ಮಿ ಆದ್ರ ಏನಾಗಂಗಿಲ್ಲ. ಬೇಕಿದ್ರ ನಿಮ್ಮದು ನೀವು ವಾಪಸ್ ತಗೊಂಡುಬಿಡ್ರಿ. ಲೋಡು ಹೊಸಪೇಟಿಗೆ ಹೋಗಬೇಕು, ರೈಲು ನಿಂತಿರ್ತೈತಿ."

ಪಾಪ, ಅವನು ಒಳ್ಳೆಯದಕ್ಕೇ ಹೇಳಿದ. ಆದರೆ ವಾಪಸು ತೆಗೆದುಕೊಂಡರೆ ಒಪ್ಪಿಕೊಂಡಂತೆಯೇ ಆಯಿತಲ್ಲ. ಭರಮಮ್ಮ ಕೈ ಚಾಚಲಿಲ್ಲ. ಅಷ್ಟರಲ್ಲಿ ಇನ್ನೊಂದು ಶುರುವಾಯಿತು. ಮೂಲೆಯಲ್ಲಿದ್ದ ಒಬ್ಬ ಬಂದು ಗುಡ್ಡೆಯಿಂದ ತನ್ನ ಕಂಬಳಿಯನ್ನು ಎಳೆದುಕೊಂಡ. "ಋಣ ಉಳದೋನ ಕಂಬಳಿ ಇದರ ಜೋಡಿ ಮುಟ್ಟೈತಿ. ಮೈಲಿಗಿ ಕಳಿಸಿ ಆ ಮಂದಿ ಶಾಪ ನಾ ಯಾಕ ತಗೊಳ್ಲಿ? ಮನಿಗಿ ಒಯ್ದು ಹೊಳ್ಳಿ ತೊಳೀತೀನಿ," ಎಂದ. ಅವನನ್ನು ನೋಡಿ ಇನ್ನಿಬ್ಬರು ಬಗ್ಗಿದರು. ಏಕಾಂತಪ್ಪ "ಅಯ್ಯೋ, ಯಜಮಾನ್ರ, ಏನ್ರಿ ಇದು!" ಎಂದು ಅವರ ಕೈ ಹಿಡಿಯಲು ಓಡಾಡಿದ. ಗುಡ್ಡೆ ಹೀಗೇ ಕರಗುತ್ತ ಹೋದರೆ ಟೆಂಪೊ ಖಾಲಿಯೇ ತಿರುಗಬೇಕಿತ್ತು. ಭರಮಮ್ಮನಿಗೆ ಬೋಳು ಗುಡ್ಡದ ಆ ಮುದುಕಿ ನೆನಪಾದಳು. ನನ್ನೊಬ್ಬಳ ದೆಸೆಯಿಂದ ಎಷ್ಟು ಮನೆ ಕೆಡುತ್ತವೆ, ಎಂದುಕೊಂಡಳು.

"ಕೈ ತೆಗೀರಿ ಎಲ್ಲಾರೂ!"

ದುರುಗಜ್ಜ ಕೂತಲ್ಲಿಂದಲೇ ಗದರಿದ. ಬಗ್ಗಿದವರು ಬಗ್ಗಿದಂತೆಯೇ ನಿಂತರು. ಅಜ್ಜ ಮೊಣಕಾಲು ಹಿಡಿದುಕೊಂಡು ಎದ್ದು ಬಂದು ಪಂಪಮ್ಮನ ಕೈಯಿಂದ ಕಂಬಳಿ ಇಸಿದುಕೊಂಡ. ತಿರುವಿ ನೋಡಿದ. ಅಂಗೈಯಿಂದ ಸವರಿದ. ಬಿಳಿ ಹೊಲಿಗೆಯ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಹಾಗೇ ನಿಂತ. ಎರಡು ವರ್ಷದ ಕೆಳಗೆ ಗಂಟನ್ನು ಭರಮಮ್ಮನ ಮನೆಯಿಂದ ಗುಂಡಿಯ ತನಕ ಎತ್ತಿಕೊಂಡು ಹೋದವನು ಇವನೇ. ಎಪ್ಪತ್ತು ವರ್ಷ ಕಂಬಳಿ ಹೊತ್ತ ಹೆಗಲು ಅದು. ಭರಮಮ್ಮ ಅವನ ಮುಖ ನೋಡಲಾರದೆ ಅವನ ಪಾದ ನೋಡಿದಳು.

"ನಿನ್ನ ಗಂಡಂದು ಅಂತೀ," ಎಂದ ಅಜ್ಜ.

"ಹೂಂ ಅಜ್ಜ."

"ಪಂಪವ್ವ ಅಲ್ಲ ಅಂತಾಳ. ಹೆಂಗಸರ ಮಾತಿನಾಗ ಇದು ಬಗೆಹರಿಯಂಗಿಲ್ಲ. ಭಂಡಾರ ಎತ್ತತೀ ಏನು?"

ಕಂಬಳಿ ಹಾಸಿ, ಅದರ ಮೇಲೆ ಭಂಡಾರ ಇಟ್ಟು, ಮುಟ್ಟಿ ಹೇಳಿದ ಮಾತಿಗೆ ಆ ಊರಲ್ಲಿ ಎದುರು ಮಾತಿರಲಿಲ್ಲ. ಹೊಲದ ಗಡಿ, ಕಳುವಾದ ಕುರಿ, ಅಣ್ಣತಮ್ಮಂದಿರ ಪಾಲು, ಯಾವುದಾದರೂ ಅಲ್ಲಿಗೆ ಮುಗಿಯುತ್ತಿತ್ತು. ಮುಟ್ಟಿ ಸುಳ್ಳು ಹೇಳಿದವರ ಮನೆಯಲ್ಲಿ ದೀಪ ಹಚ್ಚುವವರಿಲ್ಲದಂತಾದ ಕಥೆಗಳನ್ನು ಕೇಳುತ್ತಲೇ ಭರಮಮ್ಮ ಬೆಳೆದವಳು. ಆಕೆಗೆ ತನ್ನ ಮನೆಯ ಚಿಂತೆ ಇರಲಿಲ್ಲ. ಅಲ್ಲಿ ಹಾಳಾಗಲು ಏನು ಉಳಿದಿದೆ? ಆದರೆ ಆಣೆಯ ಪೆಟ್ಟು ತಪ್ಪಿ ರೇಣುಕಾಳ ಬಸಿರಿಗೆ ತಗುಲಿದರೆ? ಬೀರಪ್ಪಾ, ಸುಳ್ಳು ನನ್ನದು, ನನ್ನ ನಾಲಿಗೆ ಸೇದಿ ಹೋಗಲಿ, ಆ ಹುಡುಗಿಯ ಕಡೆ ನೋಡಬೇಡ. ಗರ್ಭಗುಡಿಯ ಕತ್ತಲೆಗೆ ಕಣ್ಣಿಟ್ಟು ಮನಸ್ಸಿನಲ್ಲೇ ಕಾಲು ಹಿಡಿದಳು.

"ಎತ್ತತೀನಿ," ಎಂದಳು.

ದುರುಗಜ್ಜ ಗುಡಿಯ ಒಳಗೆ ಹೋಗಿ ಭಂಡಾರದ ಬಟ್ಟಲು ತಂದ. ದೇವರ ಎದುರಿನ ಹಾಸುಗಲ್ಲಿನ ಮೇಲೆ ಕಂಬಳಿಯನ್ನು ಹಾಸಿದ. ಮುದುಕ ಸುಕ್ಕು ಬಿಡಿಸಿ ಬಿಡಿಸಿ, ನಾಲ್ಕೂ ಮೂಲೆ ಎಳೆದು, ಯಾರಿಗೋ ಹಾಸಿಗೆ ಹಾಸುವವನಂತೆ ಹಾಸಿದ. ಭರಮಮ್ಮ ಅದರ ಅಂಚಿಗೆ ಮಂಡಿಯೂರಿದಳು. ಅಜ್ಜ ಮುಷ್ಟಿ ತುಂಬ ಅರಿಶಿನ ಕೊಟ್ಟ.

"ಇದು ನನ್ನ ಗಂಡನ ಕಂಬಳಿ," ಎಂದು ಆಕೆ ಅರಿಶಿನ ಸುರಿದಳು. ಅರ್ಧ ಕಲ್ಲಿನ ಮೇಲೆ ಚೆಲ್ಲಿತು.

ಪಂಪಮ್ಮ ಉಸಿರುಬಿಟ್ಟಳು. ಮಾರೆಮ್ಮ ಗುಡಿಯ ಕಡೆ ಕೈ ಮುಗಿದಳು. ಅಷ್ಟಕ್ಕೆ ಮುಗಿಯಬೇಕಿತ್ತು. ದುರುಗಜ್ಜ ಬಟ್ಟಲು ಕೆಳಗಿಡಲಿಲ್ಲ.

"ಅಷ್ಟ ಸಾಲದು," ಎಂದ. "ಋಣದ ಮಾತು ಎದ್ದೈತಿ. ಹೋದ ಹುಡುಗನ ಹೆಸರು ಎದ್ದೈತಿ. ಅವತ್ತು ಗುಂಡಿ ಮುಂದ ನೀ ಅಂದಿದ್ದು ನನಗ ನೆಟ್ಟಗ ಕೇಳಿರಲಿಲ್ಲ. ನನಗ ಕೇಳಿಲ್ಲ ಅಂದಮ್ಯಾಲ ಊರಿಗೂ ಕೇಳಿಲ್ಲ. ಅದ ಮಾತು ಇನ್ನೊಮ್ಮೆ ಅನ್ನು. ಭಂಡಾರ ಮುಟ್ಟಿ, ಅವನ ಹೆಸರು ಹಿಡಿದು, ಎಲ್ಲಾರಿಗೂ ಕೇಳುವಂಗ."

ಭರಮಮ್ಮ ಥಟ್ಟನೆ ತಲೆ ಎತ್ತಿದಳು. ಅಜ್ಜನ ಮುಖದಲ್ಲಿ ಏನೂ ಇರಲಿಲ್ಲ. ಸಿಟ್ಟೂ ಇಲ್ಲ, ಕನಿಕರವೂ ಇಲ್ಲ. ಇನ್ನೊಂದು ಮುಷ್ಟಿ ಅರಿಶಿನ ತೆಗೆದು ಆಕೆಯ ಅಂಗೈಗೆ ಹಾಕಿ, ತನ್ನ ಒರಟು ಕೈಯಿಂದ ಆಕೆಯ ಬೆರಳು ಮುಚ್ಚಿದ.

"ಅನ್ನವ್ವಾ," ಎಂದ. "ಹೊತ್ತಾಗತೈತಿ."

ಸುಳ್ಳು ಹೇಳುವುದು ಆಕೆಗೆ ಇಷ್ಟು ಕಷ್ಟವಾಗಿರಲಿಲ್ಲ. ಎರಡು ವರ್ಷ ಆಕೆ ಆ ಮಾತನ್ನು ಬಾಯಿಂದ ಆಚೆ ಬಿಟ್ಟಿರಲಿಲ್ಲ. ಮಗ ಎಲ್ಲಿ ಎಂದು ಗೊತ್ತಿಲ್ಲದವರು ಸಂತೆಯಲ್ಲಿ ಕೇಳಿದರೆ ಕುರಿ ಹೊಡಕೊಂಡು ಸಿರುಗುಪ್ಪದ ಕಡೆ ಹೋಗ್ಯಾನ ಎನ್ನುತ್ತಿದ್ದಳು. ಮಳೆ ಬಂದ ದಿನ ಬಾಗಿಲ ಅಗಳಿ ಹಾಕುತ್ತಿರಲಿಲ್ಲ. ಈಗ ಕಂಬಳಿಯ ಮೇಲೆ ಎಡಗೈ ಊರಿದಳು. ಹೊಸ ಕಂಬಳಿಗೆ ಬಳಿದ ಹುಣಸೆಬೀಜದ ಗಂಜಿಯ ಬಿರುಸು ಅವನ ಮೈಗೆ ತಿಕ್ಕಿ ತಿಕ್ಕಿ ಹೋಗಿ ಮೆತ್ತಗಾದ ಉಣ್ಣೆ. ಈ ಉಣ್ಣೆಯ ನೂಲು ತೆಗೆದವಳು ತಾನೇ. ಇದನ್ನು ಮೊದಲ ಸಲ ಹೊದ್ದಾಗ ಅವನು "ಚುಚ್ಚತೈತಿಬೇ" ಎಂದು ಮುಖ ಸಿಂಡರಿಸಿದ್ದ.

"ಚೌಡಣ್ಣಾ," ಎಂದಳು. ನಿಂತಳು. ಮತ್ತೆ ಕರೆದಳು. ಈ ಸಲ ದನಿ ಒಡೆದು ಕಟ್ಟೆ ದಾಟಿ ಬೇವಿನ ಮರದ ತನಕ ಹೋಯಿತು. ಹಗ್ಗ ಹಿಡಿದಿದ್ದ ಡ್ರೈವರು ಇತ್ತ ತಿರುಗಿದ.

"ಚೌಡಣ್ಣಾ, ನನ್ನ ಮಗನ... ನಿನ್ನ ಋಣ ಹರೀತು. ಹೋಗಪ್ಪ."

ಅರಿಶಿನ ಕಂಬಳಿಯ ಮೇಲೆ ಬಿತ್ತು. ಬಿಳಿ ಹೊಲಿಗೆ ಹಳದಿಯಾಯಿತು.

ದುರುಗಜ್ಜ ಬಗ್ಗಿ ಕಂಬಳಿಯನ್ನು ಮಡಚಿದ. ಅರಿಶಿನ ಕೊಡವದೆ, ಒಳಗೇ ಉಳಿಯುವಂತೆ ಮೂರು ಮಡಿಕೆ ಮಡಚಿದ. ಆಮೇಲೆ ಜನರ ಕಡೆ ತಿರುಗಿ, "ಇನ್ನೇನು ನೋಡ್ತೀರಿ ಬಾಯಿ ತಕ್ಕೊಂಡು? ಎಳಕೊಂಡೋರು ಎಳಕೊಂಡಿದ್ದು ತಿರುಗಿ ಇಡ್ರಿ. ಆ ಸಾವ್ಕಾರ್ರು ಆಗಿಂದ ಕೈಕೈ ಹಿಚುಕ್ಕೊಳ್ಳಾಕತ್ಯಾರ," ಎಂದು ಎಂದಿನಂತೆ ಗದರಿದ. ಕಂಬಳಿ ಎಳೆದುಕೊಂಡವನು ನಾಚಿಕೊಂಡು ಎಲ್ಲರಿಗಿಂತ ಮೊದಲು ತಂದು ಇಟ್ಟ. ಗದ್ದಲ ಮತ್ತೆ ಶುರುವಾಯಿತು. ಒಬ್ಬರ ಕೈಯಿಂದ ಒಬ್ಬರ ಕೈಗೆ ಕಂಬಳಿಗಳು ಟೆಂಪೊದ ಕಡೆ ಹೋಗತೊಡಗಿದವು.

ಭರಮಮ್ಮ ಇನ್ನೂ ಮಂಡಿಯೂರಿಯೇ ಇದ್ದಳು. ಅಜ್ಜ ರಟ್ಟೆ ಹಿಡಿದು ಎಬ್ಬಿಸಿದ. ಎಬ್ಬಿಸಿ, ಆಕೆಯ ಮುಖವನ್ನು ಟೆಂಪೊಗೆ ಬೆನ್ನಾಗುವಂತೆ ಊರ ಕಡೆ ತಿರುಗಿಸಿದ.

"ಮನಿಗಿ ನಡಿ," ಎಂದ. ಆಮೇಲೆ ಆಕೆಗೊಬ್ಬಳಿಗೇ ಕೇಳುವಂತೆ, "ಹಿಂದಕ್ಕ ನೋಡಬ್ಯಾಡ."

ಅವನಿಗೆ ಗೊತ್ತಿತ್ತು. ಅವತ್ತಿನಿಂದಲೂ ಗೊತ್ತಿತ್ತೋ, ಇವತ್ತು ಗೊತ್ತಾಯಿತೋ. ಕೇಳಬೇಕೆಂದರೆ ಅಜ್ಜ ಆಗಲೇ ಮಡಚಿದ ಕಂಬಳಿಯನ್ನು ಎದೆಗೆ ಅವಚಿಕೊಂಡು, ಬೇರೆಯವರ ಕೈಗೆ ಕೊಡದೆ, ತಾನೇ ಟೆಂಪೊದ ಕಡೆ ಹೊರಟಿದ್ದ. ಅವನ ಹೆಜ್ಜೆಯ ಸಪ್ಪಳ ಬೆನ್ನ ಹಿಂದೆ ದೂರವಾಯಿತು. ಆಕೆ ಕಟ್ಟೆ ಇಳಿದಳು. ನಾಲ್ಕು ಹೆಜ್ಜೆ ನಡೆದು ದಾರಿಯ ಬದಿಯ ಬೀಸುವ ಕಲ್ಲಿನ ಮೇಲೆ ಕೂತುಬಿಟ್ಟಳು. ಅಳು ಎಲ್ಲಿತ್ತೋ, ಹೊಟ್ಟೆಯ ಬುಡದಿಂದ ಕಿತ್ತುಕೊಂಡು ಬಂತು. ಬಾಯಿಗೆ ಸೆರಗು ತುರುಕಿದರೂ ನಿಲ್ಲಲಿಲ್ಲ.

ಓಡಿ ಬಂದವಳು ಪಂಪಮ್ಮ. ಎದುರಿಗೆ ಕುಕ್ಕರಗಾಲಲ್ಲಿ ಕೂತು ಭರಮಮ್ಮನ ಎರಡೂ ಕೈ ಹಿಡಿದುಕೊಂಡಳು. ಅರಿಶಿನ ಅವಳ ಕೈಗೂ ಮೆತ್ತಿತು.

"ತಪ್ಪಾತು ಯಕ್ಕ, ನನ್ನ ನಾಲಿಗಿ ಸೀದು ಹೋಗ್ಲಿ. ಕುರಿ ಸತ್ತ ಸಂಕಟಕ್ಕ ನನಗ ಬುದ್ಧಿ ಕೆಟ್ಟೈತಿ. ಎಲ್ಲಾರ ಮುಂದ ನಿನ್ನ ಹೊಟ್ಟಿ ಉರಿಸಿದೆ. ಅಳಬ್ಯಾಡ, ನನ್ನ ಬೈಯಿ, ಬಡಿ ಬೇಕಿದ್ರ."

ಭರಮಮ್ಮ ತಲೆಯಾಡಿಸಿದಳು. ಅಳುವುದು ಮಗನಿಗಾಗಿ ಎಂದು ಹೇಳುವಂತಿಲ್ಲ. ಋಣ ಹರಿದು ಎರಡು ವರ್ಷವಾಯಿತೆಂದು ಈಗಷ್ಟೇ ದೇವರ ಮುಂದೆ ಹೇಳಿದವಳು.

"ನಿನ್ನ ಮಾತಿಗಲ್ಲ ಪಂಪಿ," ಎಂದಳು ಬಿಕ್ಕುತ್ತ. "ಆ ಗಡಿ ಮಂದಿ ನೆನಪಾದ್ರು. ಟಿವ್ಯಾಗ ನೋಡಿದ್ನಲ್ಲ, ಒಬ್ಬಾಕಿ ಮುದಿಕಿ ಕುರಿ ಹೊಡಕೊಂಡು ಮನಿ ಬಿಟ್ಟು ಹೊಂಟಿದ್ಲು."

"ಅಯ್ಯ ನಮ್ಮಕ್ಕ, ಕಂಡಿಲ್ಲ ಕೇಳಿಲ್ಲ, ಅವರ ಸಲುವಾಗಿ ಹಿಂಗ ಅಳ್ತಾರೇನ?" ಪಂಪಮ್ಮನೂ ಮೂಗು ಒರೆಸಿಕೊಂಡಳು. "ಅಲ್ಲಿ ಕಾಳಗ ಮುಗೀತಂದ್ರ ಅವರವರ ಮನಿಗಿ ಅವರು ಬರ್ತಾರಬೇ. ಎಷ್ಟು ದಿನ ಅಂತ ಹೊರಗಿರ್ತಾರ?"

ಬೆನ್ನ ಹಿಂದೆ ಟೆಂಪೊ ಕೆಮ್ಮಿ ಚಾಲೂ ಆಯಿತು. ಜನ ಏನೋ ಕೂಗಿದರು, ಏಕಾಂತಪ್ಪ ಏನೋ ಉತ್ತರ ಕೊಟ್ಟ. ಪಂಪಮ್ಮ ಕತ್ತು ಎತ್ತಿ ನೋಡಿದಳು.

"ಹೊಂಟಿತು ನೋಡು ಯಕ್ಕ. ಎಷ್ಟು ಎತ್ತರ ತುಂಬ್ಯಾರ! ನೋಡಬಾರ್ದಾ?"

ಭರಮಮ್ಮ ನೋಡಲಿಲ್ಲ. ಮಡಿಲಲ್ಲಿದ್ದ ತನ್ನ ಹಳದಿ ಕೈಗಳ ಮೇಲೆ ಕಣ್ಣಿಟ್ಟು ಕೂತಳು. ಟೆಂಪೊದ ಸದ್ದು ಗುಡಿಯ ಹಿಂದಿನಿಂದ ಹೊರಟು, ಹಳ್ಳದ ಇಳಿಜಾರಿನಲ್ಲಿ ತಗ್ಗಿ, ಆಚೆಯ ಏರಿನಲ್ಲಿ ಮತ್ತೊಮ್ಮೆ ಜೋರಾಗಿ, ಕೊಟ್ಟೂರಿನ ರಸ್ತೆಯಲ್ಲಿ ಸಣ್ಣದಾಗುತ್ತ ಹೋಯಿತು. ಅದು ಪೂರ್ತಿ ಅಡಗುವ ತನಕ ಆಕೆ ಕೇಳಿಸಿಕೊಂಡಳು.

"ಹೌದು ಬಿಡು," ಎಂದಳು ಆಮೇಲೆ. "ಅವರು ಬರ್ತಾರ."